ಪರಪ್ಪ ಕೂಡುವ ಜಾಗ

ಅನ್ನವ್ವ ಕೂತದ್ದನ್ನು ಇಚಲಕರಂಜಿಯಲ್ಲಿ ಯಾರೂ ನೋಡದೆ ವರ್ಷವಾಗುತ್ತ ಬಂದಿತ್ತು. ಊಟ ನಿಂತೇ, ಚಹಾ ನಿಂತೇ. ಮನೆಗೆ ಯಾರಾದರೂ ಬಂದರೆ ಅವರಿಗೆ ಚಾಪೆ ಹಾಸಿ ತಾನು ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ನಿಲ್ಲುವಳು. ಬಂದವರಿಗೇ ಕೂಡಲು ಸಂಕೋಚವಾಗಿ, ಹೇಳಬೇಕೆಂದು ತಂದಿದ್ದ ಸಮಾಧಾನದ ಮಾತುಗಳಲ್ಲಿ ಅರ್ಧವನ್ನು ನುಂಗಿಕೊಂಡು ಎದ್ದುಹೋಗುತ್ತಿದ್ದರು. ಅದೊಂದು ಲಾಭವೇ ಅನ್ನಿ. ಸಮಾಧಾನ ಹೇಳುವವರ ಕಾಟ ಎಂಥದೆಂಬುದು ಮಗನನ್ನು ಕಳಕೊಂಡವರಿಗೇ ಗೊತ್ತು.

ಕಬನೂರ ಹಾದಿಯಲ್ಲಿದ್ದ ತಾತ್ಯಾಸಾಹೇಬರ ಮಗ್ಗದ ಶೆಡ್ಡಿನಲ್ಲಿ ಅವಳದು ಮೊದಲು ಕಂಡಿಕೆ ಸುತ್ತುವ ಕೆಲಸ. ರಾಟೆಯ ಮುಂದೆ ಕೂತು, ಲಾಳಿಯ ಹೊಟ್ಟೆಯೊಳಗೆ ಹೋಗುವ ಸಣ್ಣ ಕೊಳವೆಗಳಿಗೆ ನೂಲು ತುಂಬುವುದು. ಮಗ ಬೆಳೆದು ದೊಡ್ಡವನಾಗುವ ತನಕ ಅದನ್ನೇ ಮಾಡಿದವಳು, ಅವನು ಹೋದ ಮೇಲೆ ಒಂದು ದಿನ ಧಣಿಯ ಮುಂದೆ ಹೋಗಿ, "ನನಗ ಓಡಾಡೂ ಕೆಲಸಾ ಕೊಡ್ರಿ" ಎಂದಳು. ತಾತ್ಯಾಸಾಹೇಬರು ಜೈನರು, ಇರುವೆಯ ಮನಸ್ಸನ್ನೂ ನೋಯಿಸದವರು. ವ್ಯಾಪಾರದಲ್ಲಿ ಮಾತ್ರ ಅಷ್ಟು ಖಾತ್ರಿ ಕೊಡಲಾಗದು.

"ಅನ್ನಕ್ಕಾ, ಕುಂತು ಮಾಡೂ ಕೆಲಸಾ ಬಿಟ್ಟು ನಿಂತು ಮಾಡೂ ಕೆಲಸಾ ಬೇಡೂ ಮಂದೀನ ನಾ ಇವತ್ತ ಕಂಡೆ ನೋಡು" ಎಂದು ಅವರು ಒಪ್ಪಿಕೊಂಡರು. ಅಂದಿನಿಂದ ಅನ್ನವ್ವ ತುಂಬಿದ ಕಂಡಿಕೆಗಳ ಬುಟ್ಟಿ ಹೊತ್ತು ಮಗ್ಗದಿಂದ ಮಗ್ಗಕ್ಕೆ ತಿರುಗತೊಡಗಿದಳು. ಅದೇ ಶೆಡ್ಡಿನಲ್ಲಿ ಕೆಟ್ಟ ಮಗ್ಗಗಳನ್ನು ಸರಿಪಡಿಸುವ ಗಂಡ ದುಂಡಪ್ಪ, ಹೆಂಡತಿ ಬಳಿಯಲ್ಲಿ ಹಾದಾಗಲೆಲ್ಲ ತಲೆಯನ್ನು ಇನ್ನಷ್ಟು ಯಂತ್ರದೊಳಗೆ ತೂರಿಸುತ್ತಿದ್ದ. ಮಗ ಸತ್ತಂದಿನಿಂದ ಅವನಿಗೆ ಮಗ್ಗದ ಸದ್ದು ಇದ್ದಷ್ಟು ಹೊತ್ತು ಸುಖ, ನಿಂತಿತೆಂದರೆ ಜೀವ ಹಿಂಡುತ್ತಿತ್ತು.

ಇಬ್ಬರ ಒಬ್ಬನೇ ಮಗ ಪರಪ್ಪ. ಯಾರ ಹೋಲಿಕೆಯೋ ಏನೋ, ಬಾಗಿಲು ಸಾಲದಷ್ಟು ಎತ್ತರ ಬೆಳೆದಿದ್ದ. ಒಂದು ಕೋಣೆಯ ಮನೆಯಲ್ಲಿ ಅವನು ಮಂಡಿ ಅಗಲಿಸಿ ಕೂತರೆ ಅಪ್ಪ ಹೊರಕಟ್ಟೆಗೆ ಹೋಗಬೇಕು. "ಯವ್ವಾ, ಈ ಮನ್ಯಾಗ ನನಗ ಕೂಡಾಕ ಜಾಗಾನ ಇಲ್ಲ ನೋಡ" ಎಂದು ನಗುತ್ತಿದ್ದ. ಚೀನದ ಯುದ್ಧ ಮುಗಿದ ಮರುವರ್ಷ ಬೆಳಗಾವಿಗೆ ಹೋಗಿ ಮರಾಠಾ ಪಲ್ಟನ್ನಿಗೆ ಭರ್ತಿಯಾದ. ಕೂಡಲು ಜಾಗ ಹುಡುಕಿಕೊಂಡು ಹೋದ ಎಂದು ದುಂಡಪ್ಪ ಚೇಷ್ಟೆ ಮಾಡಿದ್ದ. ಆ ಚೇಷ್ಟೆಯನ್ನು ನೆನೆದರೆ ಈಗ ಅವನಿಗೇ ನಾಲಗೆ ಕಚ್ಚಿಕೊಳ್ಳಬೇಕೆನಿಸುತ್ತಿತ್ತು.

ಅರವತ್ತೈದರಲ್ಲಿ ಪಾಕಿಸ್ತಾನದ ಕೂಡ ಲಡಾಯಿ ಹತ್ತಿತು. ಗಣಪತಿ ನೀರಿಗೆ ಹೋಗಿ ಹೆಚ್ಚು ದಿನವಾಗಿರಲಿಲ್ಲ, ತಾರು ಬಂತು. ಪಂಜಾಬದ ಗಡಿಯಲ್ಲಿ ಪರಪ್ಪ ವೀರಗತಿ ಹೊಂದಿದ್ದ, ಸಕಲ ಗೌರವದಿಂದ ಅಲ್ಲೇ ಅಗ್ನಿಸಂಸ್ಕಾರವಾಗಿತ್ತು. ಓದಿ ಹೇಳಿದವರು "ಸಕಲ ಗೌರವ" ಎಂಬುದನ್ನು ಎರಡು ಸಲ ಹೇಳಿದರು. ಅನ್ನವ್ವನ ಕಿವಿಗೆ ಬಿದ್ದದ್ದು ಅಗ್ನಿ ಎಂಬ ಒಂದೇ ಮಾತು.

ಯಾಕೆಂದರೆ ಅವರು ಲಿಂಗಾಯತರು. ಅವರಲ್ಲಿ ಸತ್ತವರನ್ನು ಸುಡುವ ರೂಢಿ ಇಲ್ಲ. ಕೂಸು ಹುಟ್ಟಿದಾಗ ಅಯ್ಯ ಬಂದು ಕೊರಳಿಗೆ ಲಿಂಗ ಕಟ್ಟುತ್ತಾನೆ. ಅದು ಕಡೆತನಕ ಮೈಮೇಲೆಯೇ ಇರಬೇಕು. ಒಬ್ಬರದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಸತ್ತಾಗ ಹೊಲದಲ್ಲಿ ಕುಣಿ ತೆಗೆದು, ಕುಣಿಯ ಗೋಡೆಯಲ್ಲಿ ಗೂಡು ಕೊರೆದು, ಸತ್ತವನನ್ನು ಅದರಲ್ಲಿ ಪದ್ಮಾಸನ ಹಾಕಿ ಕೂಡಿಸುತ್ತಾರೆ. ಎಡಗೈಯಲ್ಲಿ ಅವನ ಲಿಂಗ ಇಟ್ಟು, ಕೊನೆಯ ಪೂಜೆ ಮಾಡಿ, ಮಣ್ಣು ಕೊಡುತ್ತಾರೆ. ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಮಗ ಇನ್ನೂ ಕೂತಿಲ್ಲ, ತಾನು ಹೇಗೆ ಕೂಡುವುದು ಎಂದು ಅನ್ನವ್ವನ ಮೈ ಅವಳನ್ನು ಕೇಳದೆಯೇ ಎದ್ದು ನಿಂತುಬಿಟ್ಟಿತು.

ಮುಂದೆ ಪಲ್ಟನ್ನಿನಿಂದ ಅವನ ಟ್ರಂಕು ಬಂತು. ಅಂಗಿ, ಕಂಬಳಿ, ದಾಡಿಯ ಸಾಮಾನು, ಒಂದು ಒಡೆದ ಕನ್ನಡಿ. ಲಿಂಗದ ಕರಡಿಗೆ ಇರಲಿಲ್ಲ. ಹುಡುಗನಿದ್ದಾಗ ಮಗ್ಗಕ್ಕೆ ಬಡಿದು ಒಂದು ಕಡೆ ತಗ್ಗಾದ ಸಣ್ಣ ಬೆಳ್ಳಿಯ ಕರಡಿಗೆ ಅದು. ಅನ್ನವ್ವ ಟ್ರಂಕನ್ನು ಬೋರಲು ಹಾಕಿ ಬಡಿದಳು, ಅಂಗಿಗಳ ಹೊಲಿಗೆ ತಡಕಿದಳು. ಇಲ್ಲ. ಹಾಗಾದರೆ ಅವನ ಮೈಮೇಲೆಯೇ ಹೋಯಿತೆ? ಸುಟ್ಟರೂ ಸರಿ, ಲಿಂಗ ಕೈಯಲ್ಲಿತ್ತೆ? ಇಲ್ಲಾ ಎಲ್ಲೋ ಕೆಸರಿನಲ್ಲಿ ಬಿತ್ತೆ? ಇದೊಂದು ಗೊತ್ತಾಗಬೇಕಿತ್ತು ಅವಳಿಗೆ. ಪದಕ ಕೊಡುತ್ತಾರೆ, ಪಿಂಚಣಿ ಬರುತ್ತದೆ ಎಂದು ಊರು ಹೇಳಿದ್ದೆಲ್ಲ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟಿತು.

ಹಾಗೆ ಶುರುವಾಯಿತು ಅವಳ ತಿರುಗಾಟ. ಎಸ್.ಟಿ. ಸ್ಟ್ಯಾಂಡಿನಲ್ಲಿ ಖಾಕಿ ಹಸಿರು ಬಟ್ಟೆಯ ಯಾರೇ ಇಳಿಯಲಿ, ಎದುರಿಗೆ ಹೋಗಿ ನಿಲ್ಲುವಳು. "ನೀವ ಯಾವ ಪಲ್ಟನ್ನರೀ? ನಮ್ಮ ಪರಪ್ಪನ ಕಂಡಿದ್ರೇನ? ಅವನ ಕೊಳ್ಳಾಗ ಲಿಂಗ ಇತ್ತೇನ?" ರಜೆಯ ಮೇಲೆ ಬಂದ ಎಳೆಯ ಹುಡುಗರು ಗಾಬರಿಯಾಗಿ, ಇಲ್ಲದ ಪರಪ್ಪನನ್ನು ಕಂಡಿದ್ದೆವೆಂದು ಹೇಳಿ ಪಾರಾಗುತ್ತಿದ್ದರು. ಒಮ್ಮೆ ಒಬ್ಬ ಪೋಸ್ಟಮನ್ನನ್ನೂ ಹಿಡಿದು ನಿಲ್ಲಿಸಿದ್ದಳು. ಬಟ್ಟೆ ಖಾಕಿಯಲ್ಲವೆ, ಪಾಪ. ಕೊರೋಚಿಯಲ್ಲಿ ಯಾರೋ ಸುಬೇದಾರ ಬಂದಾನಂತೆ ಎಂದರೆ ಮಧ್ಯಾಹ್ನದ ಬಿಸಿಲಲ್ಲಿ ನಡೆದೇ ಕೊರೋಚಿಗೆ.

ಗಡಹಿಂಗ್ಲಜ ಅವರ ಮೂಲ ಊರು. ಅಲ್ಲಿ ಹುತಾತ್ಮನ ತಾಯಿಯೆಂದು ಸತ್ಕಾರ ಇಟ್ಟುಕೊಂಡಿದ್ದರು. ವೇದಿಕೆಯ ಮೇಲೆ ಕೆಂಪು ಗಾದಿಯ ಕುರ್ಚಿ ಹಾಕಿದ್ದರು. ಅನ್ನವ್ವ ಅದರ ಪಕ್ಕದಲ್ಲಿ ನಿಂತಳು. ಅಧ್ಯಕ್ಷರು "ಬಸಾ, ಬಸಾ ಮಾವಶೀ" ಎಂದು ಕೂಡಲು ಬೇಡಿಕೊಂಡರು, ಫೋಟೋದವನು ಕೈಮುಗಿದ. ಭಾಷಣಗಳು ಒಂದರ ಬೆನ್ನಿಗೆ ಒಂದು ನಡೆದವು, ಅವಳು ಹಾರ ಹಾಕಿಕೊಂಡು ಖಾಲಿ ಕುರ್ಚಿಯ ಕಾವಲಿಗೆ ನಿಂತವಳಂತೆ ನಿಂತೇ ಇದ್ದಳು. ಕೊನೆಗೆ ಸಂಕೋಚವಾಗಿ ಅಧ್ಯಕ್ಷರೂ ಎದ್ದು ನಿಂತರು, ಅವರ ಹಿಂದೆ ಇಡೀ ವೇದಿಕೆ ಎದ್ದಿತು. ದುಂಡಪ್ಪ ಜನರ ನಡುವೆ ಮುಖ ಮುಚ್ಚಿಕೊಂಡ. ದೊಡ್ಡ ಮನುಷ್ಯರು ಎದ್ದು ನಿಂತದ್ದು ಮಗನಿಗಾಗಿಯೋ ಹೆಂಡತಿಗಾಗಿಯೋ ಅವನಿಗೆ ತಿಳಿಯಲಿಲ್ಲ.

ಅರವತ್ತಾರರ ಮಳೆಗಾಲ ಮುಗಿಯುವ ಹೊತ್ತಿಗೆ, ಸ್ಟ್ಯಾಂಡಿನಲ್ಲಿ ಸಿಕ್ಕ ಒಬ್ಬ ಸಿಪಾಯಿ ಸುಳ್ಳು ಹೇಳಲಿಲ್ಲ. "ನನಗ ಗೊತ್ತಿಲ್ಲರೀ ಅವ್ವಾ. ಆದ್ರ ಪರಪ್ಪನ ಜೋಡಿ ಕೊನೀತನಕ ಇದ್ದಾವ ಜೋತಿಬಾ. ಕಾಲಿಗೆ ಪೆಟ್ಟ ಬಿದ್ದು ಮನೀಗೆ ಬಂದಾನ. ಶಿರೋಳಿ ಕಡೆ ಯಾವುದೋ ಫೌಂಡ್ರಿಯೊಳಗ ವಾಚಮನ್ ಅದಾನ ಅಂತ ಕೇಳೇನಿ." ಅನ್ನವ್ವ ಮನೆಗೆ ಹೋಗಲಿಲ್ಲ. ಕೈಯಲ್ಲಿದ್ದ ತರಕಾರಿ ಚೀಲದ ಸಮೇತ ಕೊಲ್ಹಾಪುರದ ಬಸ್ಸು ಹತ್ತಿದಳು. ಸೀಟು ಖಾಲಿ ಇದ್ದರೂ ಕಂಬ ಹಿಡಿದು ನಿಂತಳು, ಕಂಡಕ್ಟರ್ ಬೈದ, ಅವಳು ಕೇಳಿಸಿಕೊಳ್ಳಲಿಲ್ಲ.

ಶಿರೋಳಿಯಲ್ಲಿ ಇಳಿದು ಒಂದೊಂದೇ ಗೇಟಿಗೆ ಹೋಗಿ ಕೇಳಿದಳು. ಕರಗಿದ ಕಬ್ಬಿಣದ ವಾಸನೆ, ಹೊಗೆ. ಹೊಸದಾಗಿ ಕಟ್ಟಿದ ಒಂದು ಗೇಟಿನಲ್ಲಿ, ಒಂದು ಕಾಲು ಎಳೆಯುತ್ತ ಎದ್ದು ಬಂದ ಹುಡುಗ ಅವಳ ಮುಖ ನೋಡಿದವನೇ ಬಿಳಿಚಿಕೊಂಡ. ಪರಪ್ಪನ ಮುಖ ತಾಯಿಯದೇ, ಎತ್ತರ ಮಾತ್ರ ಬೇರೆ.

"ಪರಶ್ಯಾಚೀ ಆಈ" ಎಂದ ಜೋತಿಬಾ. ಪರಶ್ಯಾನ ತಾಯಿ. ಪಲ್ಟನ್ನಿನಲ್ಲಿ ಅವನ ಹೆಸರು ಹಾಗಾಗಿತ್ತು. ಅನ್ನವ್ವನಿಗೆ ಮರಾಠಿ ಮನೆಯ ಮಾತಿನಷ್ಟೇ ಸಲೀಸು, ಆದರೆ ಆ ಹೊತ್ತಿಗೆ ಅವಳ ಬಾಯಲ್ಲಿ ಕನ್ನಡವೇ ಬಂತು.

"ಅವನ ಕೊಳ್ಳಾಗ ಲಿಂಗ ಇತ್ತೇನಪಾ?"

ಜೋತಿಬಾ ಗೋಣು ಹಾಕಿದ. ಇತ್ತು. ಬರ‍್ಯಾಕಿನಲ್ಲಿ ದಿನಾ ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂಡುತ್ತಿದ್ದ, ನಾವೆಲ್ಲ ಚೇಷ್ಟೆ ಮಾಡುತ್ತಿದ್ದೆವು. ಜೀವ ಹೋದಾಗಲೂ ಕೊರಳಲ್ಲೇ ಇತ್ತು. ಅನ್ನವ್ವ ಅಷ್ಟು ಹೊತ್ತು ಹಿಡಿದೇ ಇದ್ದ ತರಕಾರಿ ಚೀಲವನ್ನು ನೆಲಕ್ಕಿಟ್ಟಳು. ಅಷ್ಟರಲ್ಲಿ ಹುಡುಗ ಮುಂದಿನ ಮಾತನ್ನೂ ಹೇಳಿದ. ಎಲ್ಲರನ್ನೂ ಒಂದೇ ಕಡೆ ಸುಡಬೇಕಾಗಿತ್ತು. ಬೆಂಕಿ ಕೊಡುವ ಮೊದಲು ನಾನೇ ಅವನ ಕೊರಳಿನಿಂದ ಅದನ್ನು ಬಿಚ್ಚಿಕೊಂಡೆ. "ದೇವಾಲಾ ಆಗೀತ ಕಸಂ ಘಾಲಾಯಚಂ, ಮಾವಶೀ?" ದೇವರನ್ನು ಬೆಂಕಿಗೆ ಹೇಗೆ ಹಾಕಲಿ? ತಾಯಿ ಕೊಟ್ಟ ದೇವರು, ತಾಯಿಗೇ ಮುಟ್ಟಿಸೋಣ ಎಂದು ತಂದೆ. ಆಮೇಲೆ ನನಗೇ ಪೆಟ್ಟು ಬಿತ್ತು, ದವಾಖಾನೆ, ಆಮೇಲೆ... ನಿಮ್ಮ ಮುಂದೆ ಬಂದು ನಿಲ್ಲುವ ಧೈರ್ಯವಾಗಲಿಲ್ಲ.

ಅವನು ಪ್ರೀತಿಯಿಂದಲೇ ಮಾಡಿದ್ದ. ಅದು ಅವಳಿಗೂ ಗೊತ್ತಾಯಿತು, ಗೊತ್ತಾದದ್ದರಿಂದಲೇ ಸಿಟ್ಟು ತಡೆಯಲಾಗಲಿಲ್ಲ.

"ಬರಿಗೈಲೆ ಕಳಿಸಿದೆಲ್ಲೋ! ನನ್ನ ಮಗನ್ನ ಬರಿಗೈಲೆ ಕಳಿಸಿದೆಲ್ಲೋ!" ಎಂದು ಅವಳು ಕೂಗಿದ್ದಕ್ಕೆ ಫೌಂಡ್ರಿಯ ಮಂದಿಯೆಲ್ಲ ಹೊರಗೆ ಬಂದರು. ಜೋತಿಬಾನಿಗೆ ಕನ್ನಡ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ; ಅಳುವುದಕ್ಕೆ ಅಷ್ಟು ಸಾಕಾಯಿತು.

"ಎಲ್ಲೈತಿ ಅದು?"

"ಘರೀ. ಆಈನಂ ದೇವ್ಹಾರ‍್ಯಾತ ಠೇವಲಾಯ." ಮನೆಯಲ್ಲಿದೆ. ಅವ್ವ ದೇವರ ಜಗಲಿಯಲ್ಲಿಟ್ಟಿದ್ದಾಳೆ.

ಜೋತಿಬಾನ ಮನೆ ಕೊಲ್ಹಾಪುರದ ಮಂಗಳವಾರ ಪೇಠೆಯ ಒಂದು ಓಣಿಯಲ್ಲಿತ್ತು. ಅವನ ತಾಯಿ ಮುಕ್ತಾಬಾಯಿ, ದೊಡ್ಡ ಕುಂಕುಮದ, ದೊಡ್ಡ ದನಿಯ ಹೆಂಗಸು. ಗಂಡ ಪಂಢರಪುರಕ್ಕೆ ಹೋದವನು ತಿರುಗಿ ಬಂದಿರಲಿಲ್ಲ, ಸತ್ತನೆಂದು ಯಾರೂ ಹೇಳಿರಲಿಲ್ಲ, ಹಾಗಾಗಿ ಕುಂಕುಮ ಅಳಿಸಿರಲಿಲ್ಲ. ಬಂದವಳು ಯಾರೆಂದು ತಿಳಿದದ್ದೇ ಅನ್ನವ್ವನನ್ನು ತಬ್ಬಿಕೊಂಡು ಅತ್ತಳು. ಯಾಕೆ ಬಂದಳೆಂದು ತಿಳಿದದ್ದೇ ತಬ್ಬಿದ ಕೈ ತೆಗೆದಳು.

ಜಗಲಿಯಲ್ಲಿ ಅಂಬಾಬಾಯಿಯ ಮುಖ ಒತ್ತಿದ ಬೆಳ್ಳಿಯ ಟಾಕು, ಖಂಡೋಬಾ, ಮನೆದೇವರ ನಾಣ್ಯಗಳು. ಅವುಗಳ ನಡುವೆ ತಗ್ಗಾದ ಕರಡಿಗೆ ಬಾಯಿ ತೆರೆದು ಕೂತಿತ್ತು. ಒಳಗಿನ ಕರಿಯ ಲಿಂಗಕ್ಕೆ ಅರಿಸಿನ, ಕುಂಕುಮ, ಮೇಲೊಂದು ಸೇವಂತಿಗೆ. ನೋಡಿದ ಅನ್ನವ್ವನಿಗೆ ಮೈಯೆಲ್ಲ ಉರಿಯಿತು. ವಿಭೂತಿ ಬಿಟ್ಟು ಬೇರೆ ಬಣ್ಣ ಕಾಣದ ಲಿಂಗ!

"ನಾಹೀ ದ್ಯಾಯಚೀ" ಎಂದಳು ಮುಕ್ತಾಬಾಯಿ. ಕೊಡುವುದಿಲ್ಲ. ಅವಳು ಕೆಟ್ಟವಳಲ್ಲ, ಅವಳಿಗೆ ಅವಳ ಕಾರಣವಿತ್ತು. ದವಾಖಾನೆಯಲ್ಲಿ ಮಗನ ಕಾಲು ಕತ್ತರಿಸಬೇಕೆಂದಿದ್ದರು. ಮಗನ ಅಂಗಿಯ ಕಿಸೆಯಲ್ಲಿ ಈ ದೇವರು ಸಿಕ್ಕಿತು. ತಂದು ಜಗಲಿಯಲ್ಲಿಟ್ಟು ಪೂಜೆ ಶುರು ಮಾಡಿದಳು, ಕಾಲು ಉಳಿಯಿತು. ಮನೆಗೆ ತಾನಾಗಿ ಬಂದ ದೇವರನ್ನು ಹೊರಗೆ ಕಳಿಸಿದರೆ ಕಾಲಿನ ಗತಿ ಏನು? ಮಗನ ಗತಿ ಏನು? "ತುಝಾ ಗೇಲಾ ಗಂ ಬಾಯೀ, ಮಾಝಾ ಆಹೇ." ನಿನ್ನವನು ಹೋದ, ನನ್ನವನು ಇದ್ದಾನಲ್ಲ. ಅಂದದ್ದೇ ತಾನೇ ಬಾಯಿ ಮುಚ್ಚಿಕೊಂಡಳು. ಆದರೂ ಜಗಲಿಗೆ ಅಡ್ಡ ನಿಂತದ್ದು ನಿಂತೇ.

ಅನ್ನವ್ವ ಬಂದ ಕಾಲಲ್ಲೇ ಹೊರಟಳು. ಚಹಾ ಕುಡಿದು ಹೋಗೆಂದು ಜೋತಿಬಾ ಕಾಲೆಳೆಯುತ್ತ ಬೆನ್ನಿಗೆ ಬಂದ. ಅವಳು ತಿರುಗಿಯೂ ನೋಡಲಿಲ್ಲ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. ದುಂಡಪ್ಪ ತನ್ನ ಕೈಗೆ ಹತ್ತಿದ ಎಣ್ಣೆ ಒರೆಸಿಕೊಂಡ.

"ಲಿಂಗಾ ಸಿಕ್ಕರ ಏನ ಮಾಡತಿ? ದೇಹಾನ ಇಲ್ಲ. ಯಾರನ್ನ ಕೂಡಸತಿ ಕುಣ್ಯಾಗ?"

"ಅದನ್ನ ನೀ ನೋಡಕೋಬ್ಯಾಡ. ಕುಣಿ ತಗದಕೊಡು, ಸಾಕು."

"ಹುಚ್ಚ ಹಿಡದೈತಿ ನಿನಗ."

"ಹೌದು, ಹಿಡದೈತಿ" ಎಂದು ಅನ್ನವ್ವ ಆಚೆ ಈಚೆ ನಡೆದಳು. ಒಂದು ಕೋಣೆಯಲ್ಲಿ ನಡೆಯಲು ಎಷ್ಟಿರುತ್ತದೆ? ಬಾಗಿಲಿಂದ ಒಲೆ, ಒಲೆಯಿಂದ ಬಾಗಿಲು. ದುಂಡಪ್ಪನಿಗೆ ತಲೆ ತಿರುಗಿ ಹೊರಕಟ್ಟೆಗೆ ಹೋದ, ಮಗನಿದ್ದಾಗ ಹೋಗುತ್ತಿದ್ದ ಹಾಗೆ.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಅವಳು ಮತ್ತೆ ಕೊಲ್ಹಾಪುರದಲ್ಲಿದ್ದಳು. ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದಳು, ಬೇಕಾದರೆ ಜಗಲಿಗೆ ಕೈ ಹಾಕುವ ಎಣಿಕೆಯೂ ಇತ್ತು. ಬಾಗಿಲು ತೆರೆದಿತ್ತು. ಮುಕ್ತಾಬಾಯಿ ಬೆನ್ನು ತಿರುಗಿಸಿ ಜಗಲಿಯ ಮುಂದೆ ಕೂತಿದ್ದಳು. ತಾಮ್ರದ ತಟ್ಟೆಯಲ್ಲಿ ಲಿಂಗವನ್ನಿಟ್ಟು, ಉಗುರುಬೆಚ್ಚಗಿನ ನೀರು ಹನಿಸಿ ತೊಳೆಯುತ್ತಿದ್ದಳು. ಉಳಿದ ದೇವರಿಗೆ ತಣ್ಣೀರು, ಅದಕ್ಕೊಂದಕ್ಕೆ ಬೆಚ್ಚನೆಯ ನೀರು. ತನ್ನ ಸೆರಗಿನಿಂದ ಒರೆಸಿ, ಕೂಸಿಗೆ ಮಾಡುವ ಹಾಗೆ ಗುನುಗುತ್ತ, "ಥಂಡೀ ವಾಜತೇಯ ಕಾ ರೇ?" ಎಂದು ಕೇಳಿದಳು. ಚಳಿಯಾಗುತ್ತದೇನೋ?

ಅನ್ನವ್ವನ ಸಿಟ್ಟು ಎಲ್ಲಿ ಹೋಯಿತೋ. ಒಳಗೆ ಬಂದು, ಜಗಲಿಯ ಪಕ್ಕದ ಗೋಡೆಗೆ ನಿಂತು, ಮರಾಠಿಯಲ್ಲಿ ಸಾವಕಾಶ ಹೇಳತೊಡಗಿದಳು. ಬಾಯೀ, ಇದು ಮನೆಯ ದೇವರಲ್ಲ. ನಿಮ್ಮಲ್ಲಿ ದೇವರು ಜಗಲಿಯ ಮೇಲಿರುತ್ತಾನೆ, ಮನೆಗೆಲ್ಲ ಒಬ್ಬನೇ. ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು, ಹುಟ್ಟಿದಾಗ ಕಟ್ಟಿದ್ದು. ಅವನು ಉಂಡರೆ ಅದೂ ಉಣ್ಣಬೇಕು, ಅವನು ಮಣ್ಣಿಗೆ ಹೋದರೆ ಅದೂ ಹೋಗಬೇಕು, ಅವನ ಎಡಗೈಯಲ್ಲಿ. ಇದು ನನ್ನ ಪರಪ್ಪನ ಜೀವ ಇದ್ದ ಹಾಗೆ. ನನ್ನ ಹತ್ತಿರ ಅವನದು ಮತ್ತೇನೂ ಉಳಿದಿಲ್ಲ.

ಮುಕ್ತಾಬಾಯಿ ಕೈಯಲ್ಲಿದ್ದುದನ್ನು ನೋಡಿದಳು. ಅವಳ ದೊಡ್ಡ ದನಿ ಸಣ್ಣದಾಯಿತು.

"ಮ್ಹಣಜೆ ವರ್ಸಭರ ಮೀ ತುಝ್ಯಾ ಲೇಕಾಲಾ ಆಂಘೋಳ ಘಾತಲೀ?" ಅಂದರೆ ವರ್ಷವಿಡೀ ನಾನು ನಿನ್ನ ಮಗನಿಗೆ ಸ್ನಾನ ಮಾಡಿಸಿದೆನೆ?

"ಹೌದ ನಮ್ಮವ್ವಾ" ಎಂದಳು ಅನ್ನವ್ವ.

ಆಮೇಲೆ ಇಬ್ಬರೂ ಅತ್ತರು. ಅದನ್ನು ಬಣ್ಣಿಸುವುದು ಬೇಡ. ಮುಕ್ತಾಬಾಯಿ ಅರಿಸಿನದ ಕಲೆಯೆಲ್ಲ ಹೋಗುವ ತನಕ ಲಿಂಗವನ್ನು ತಿಕ್ಕಿ ತೊಳೆದಳು, ಕರಡಿಗೆಯಲ್ಲಿಟ್ಟಳು, ಮುಚ್ಚಿದಳು. ಕೊಡುವಾಗ ಅವಳ ಕಣ್ಣು ಒಳಗೆ ಮಲಗಿದ್ದ ಜೋತಿಬಾನ ಕಾಲಿನ ಕಡೆಗೇ ಹೋಯಿತು. ಹೆದರಿಕೊಂಡೇ ಕೊಟ್ಟಳು. ಹೆದರದೆ ಕೊಟ್ಟಿದ್ದರೆ ಅದಕ್ಕೆ ಅಷ್ಟು ಬೆಲೆ ಇರುತ್ತಿರಲಿಲ್ಲ.

ಗಡಹಿಂಗ್ಲಜದ ಹೊರಗೆ, ಹಿರಣ್ಯಕೇಶಿಯ ಆಚೆ, ದುಂಡಪ್ಪನ ಅಣ್ಣ ಅಲ್ಲಪ್ಪ ನೋಡಿಕೊಳ್ಳುತ್ತಿದ್ದ ಮನೆತನದ ಹೊಲ. ಅದರ ಬದುವಿಗೆ ಹಿರಿಯರ ಸಮಾಧಿಗಳು ಸಾಲಾಗಿ ಇದ್ದವು. ಅಲ್ಲಪ್ಪ ನೆಟ್ಟಗಿನ ಮನುಷ್ಯ, ಮಾತೂ ನೆಟ್ಟಗೆ.

"ದೇಹಾ ಇಲ್ಲದ ಕುಣಿ ತಗೀಬಾರದು ತಂಗಿ. ತಗದ ಕುಣಿ ಖಾಲಿ ಇದ್ರ ಇನ್ನೊಬ್ಬರನ್ನ ಕೇಳತೈತಿ. ನನಗ ಮೊಮ್ಮಕ್ಕಳ ಅದಾವು."

"ಖಾಲಿ ಇರೂದಿಲ್ಲರೀ ಮಾವಾ. ಪರಪ್ಪ ಅದಾನ" ಎಂದು ಅವಳು ಕರಡಿಗೆ ತೋರಿಸಿದಳು.

ಅಲ್ಲಪ್ಪ ಊರ ಅಯ್ಯನನ್ನು ಕರೆಸಿದ. ಅಯ್ಯ ವಯಸ್ಸಾದವರು, ಪರಪ್ಪನಿಗೆ ಲಿಂಗ ಕಟ್ಟಿದವರೂ ಅವರೇ. ಕರಡಿಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮಣ್ಣಿಗೆ ಕೊಡಬೇಕಾದದ್ದು ಖರೆ, ಆದರೆ ಇಂಥದ್ದು ತಾವು ಮಾಡಿಲ್ಲ, ಮಾಡಿದವರನ್ನು ಕಂಡಿಲ್ಲ ಎಂದರು. ಹೊಳೆಗೆ ಬಿಡೋಣವೆ ಎಂದು ಅಲ್ಲಪ್ಪ ಕೇಳಿದ. ಮಾತು ಆ ಕಡೆ ಈ ಕಡೆ ಆಡುತ್ತಿರುವಾಗಲೇ ಹೊಲದಿಂದ ಗುದ್ದಲಿಯ ಸದ್ದು ಬಂತು.

ದುಂಡಪ್ಪ ಅಗೆಯುತ್ತಿದ್ದ. ಯಾರೂ ಅವನಿಗೆ ಹೇಳಿರಲಿಲ್ಲ. ಶೇಂಗಾ ಕಿತ್ತ ಹೊಲದಲ್ಲಿ, ತನ್ನ ಅಪ್ಪನ ಸಮಾಧಿಯ ಪಕ್ಕ, ಅಂಗಿ ಕಳಚಿಟ್ಟು ಅಗೆಯುತ್ತಿದ್ದ. ಸೊಂಟದ ತನಕ ಇಳಿದ ಮೇಲೆ ಅಲ್ಲಪ್ಪನೂ ಬಂದು ಬುಟ್ಟಿ ಹಿಡಿದ, ಅಣ್ಣನಲ್ಲವೆ. ಕುಣಿಯ ಗೋಡೆಯಲ್ಲಿ ಗೂಡು ಕೊರೆಯುವಾಗ ದುಂಡಪ್ಪ ಎರಡು ಸಲ ನಿಲ್ಲಿಸಿ ಅಳತೆ ನೋಡಿದ. ಸಾಲದು ಎಂದು ಮೇಲಕ್ಕೆ ಕೊರೆದ, ಅಗಲಕ್ಕೂ ಕೊರೆದ.

"ಎಷ್ಟ ದೊಡ್ಡದ ಮಾಡತೀಯೋ? ಇಡೂದು ಒಂದ ಕರಡಿಗಿ" ಎಂದ ಅಲ್ಲಪ್ಪ.

"ಅವ ಎತ್ತರ ಅದಾನ" ಎಂದ ದುಂಡಪ್ಪ. "ಮಂಡಿ ಅಗಲಸ್ತಾನ."

ಅನ್ನವ್ವ ಹೇಳಿಕಳಿಸಿದ್ದಕ್ಕೆ ಮರುದಿನ ಕೊಲ್ಹಾಪುರದ ಬಸ್ಸಿನಲ್ಲಿ ಮುಕ್ತಾಬಾಯಿ ಮತ್ತು ಜೋತಿಬಾ ಬಂದರು. ನಿಪ್ಪಾಣಿ, ಸಂಕೇಶ್ವರದ ಮೇಲೆ ಸುತ್ತಿಕೊಂಡು ಬಂದ ಬಸ್ಸು; ನಡುವೆ ರಾಜ್ಯ ಬದಲಾಗಿ ಮತ್ತೆ ಬದಲಾಗುವ ಹಾದಿ ಅದು, ಕೂತವರ ಮಾತು ಮಾತ್ರ ಬದಲಾಗುವುದಿಲ್ಲ. ಜೋತಿಬಾ ಹಳೆಯ ಪಲ್ಟನ್ನಿನ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡಿದ್ದ. ಅನ್ನವ್ವನ ಎದುರಿಗೆ ಬಂದು ನೆಟ್ಟಗೆ ನಿಂತ. ಬರಿಗೈಲೆ ಕಳಿಸಿದೆ ಎಂಬ ಮಾತು ಇನ್ನೂ ಅವನ ಮುಖದಲ್ಲಿತ್ತು.

ಅನ್ನವ್ವ ಅವನ ಬೆನ್ನ ಮೇಲೆ ಕೈಯಾಡಿಸಿದಳು. "ನೀ ತಂದಿ, ಅದಕ್ಕ ಇವತ್ತ ಆತು. ಇಲ್ಲದಿದ್ರ ಅದೂ ಬೂದಿ ಆಗತಿತ್ತು" ಎಂದಳು. ಹುಡುಗ ಕತ್ತು ಬಗ್ಗಿಸಿದ.

ಕುಣಿಯ ಸುತ್ತ ಮನೆಯವರು, ನಾಲ್ಕು ನೆರೆಯವರು. ಅಯ್ಯ ವಿಭೂತಿ, ಬಿಲ್ವಪತ್ರೆ, ತಂಬಿಗೆಯ ನೀರು ಹೊಂದಿಸಿಕೊಂಡರು. ಮಂತ್ರ ಶುರು ಮಾಡಿ ಎರಡು ಸಾಲಿಗೆ ನಿಲ್ಲಿಸಿದರು. ಕರಡಿಗೆ ಅವರ ಮುಂದೆ ಕಂಬಳಿಯ ಮೇಲಿತ್ತು.

"ಏನಾತ್ರೀ ಅಜ್ಜಾರ?" ಎಂದ ಅಲ್ಲಪ್ಪ.

"ಕೈ ಬೇಕಪಾ" ಎಂದರು ಅಯ್ಯ. "ಕೊನೀ ಪೂಜಿ ಎಡಗೈ ಮ್ಯಾಲ ಆಗಬೇಕು. ನೆಲದ ಮ್ಯಾಲಿಟ್ಟ ನಾ ಹೆಂಗ ಮಾಡ್ಲಿ? ಅವನ ಕೈ ಎಲ್ಲಿಂದ ತರ್ಲಿ?"

ಗಾಳಿಗೆ ಶೇಂಗಾ ಬಳ್ಳಿಯ ಒಣ ಎಲೆ ಹಾರಿ ಕುಣಿಯೊಳಗೆ ಬಿತ್ತು. ದುಂಡಪ್ಪ ಅದನ್ನೇ ನೋಡುತ್ತ ನಿಂತ. ಅಷ್ಟರಲ್ಲಿ ಅನ್ನವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕರಡಿಗೆ ಎತ್ತಿಕೊಂಡು, ಕುಣಿಯ ಅಂಚಿಗೆ ಕೈ ಊರಿ ಇಳಿದೇಬಿಟ್ಟಳು.

"ಏ! ಏ ತಂಗೀ! ಏಳ ಮ್ಯಾಲ!" ಅಲ್ಲಪ್ಪನಿಗೆ ಬೆವರು ಕಿತ್ತುಕೊಂಡಿತು. "ಜೀವಂತ ಇದ್ದಾವರು ಇಳೀಬಾರದು!"

ಅವಳು ಅತ್ತ ನೋಡಲೇ ಇಲ್ಲ. ಬಗ್ಗಿ ಗೂಡಿನೊಳಗೆ ಸರಿದಳು. ಮಣ್ಣಿನ ಗೋಡೆಗೆ ಬೆನ್ನು ಕೊಟ್ಟಳು. ಆಮೇಲೆ ಕಾಲು ಮಡಚಿ, ಒಂದರ ಮೇಲೊಂದು ಹಾಕಿ, ಕೂತಳು.

ವರ್ಷದ ಮೇಲೆ ಕೂತ ಮೈ. ಸೊಂಟ ಲಟಕ್ಕೆಂದಿತು, ಮೊಣಕಾಲು ಹೇಳಿದ ಮಾತು ಕೇಳಲಿಲ್ಲ. ಎಡಗೈ ಚಾಚಿ, ಅಂಗೈ ಮೇಲಕ್ಕೆ ಮಾಡಿ, ಅದರಲ್ಲಿ ಮಗನ ಲಿಂಗ ಇಟ್ಟುಕೊಂಡಳು. ಅದು ಹಗುರಾಗಿತ್ತು, ತಣ್ಣಗಿತ್ತು.

"ಮಾಡ್ರೀ ಅಜ್ಜಾರ" ಎಂದಳು. "ಅವನ ಕೈ ನನ್ನ ಮೈಯಾಗ ಹುಟ್ಟಿದ್ದ ಐತಿ."

ಅಯ್ಯ ಒಂದು ಗಳಿಗೆ ಅಲ್ಲಪ್ಪನ ಮುಖ ನೋಡಿದರು, ಆಮೇಲೆ ಯಾರ ಮುಖವನ್ನೂ ನೋಡಲಿಲ್ಲ. ಕುಣಿಗೆ ಇಳಿದು, ಅವಳ ಅಂಗೈಗೆ ನೀರೆರೆದರು, ವಿಭೂತಿ ಧರಿಸಿದರು, ಪತ್ರೆ ಏರಿಸಿದರು. ಮಂತ್ರದಲ್ಲಿ ಹೆಸರು ಬರುವ ಕಡೆ ಪರಪ್ಪ ಎಂದರು. ಮೇಲೆ ಜೋತಿಬಾ ನೆಟ್ಟಗಾಗಿ ಹಣೆಗೆ ಕೈಯೇರಿಸಿದ. ಮಂತ್ರ ಮುಗಿಯುವ ತನಕ ಕೈ ಇಳಿಸಲಿಲ್ಲ.

ಪೂಜೆ ಮುಗಿದ ಮೇಲೆ ಅನ್ನವ್ವ ತನ್ನ ಎಡ ಮಂಡಿಯ ಬಳಿ ಬೆರಳಿನಿಂದ ಮಣ್ಣು ಕೆದರಿ ಅಂಗೈಯಷ್ಟು ತಗ್ಗು ಮಾಡಿದಳು. ಅದರಲ್ಲಿ ಲಿಂಗ ಇಟ್ಟು, ಮೇಲೆ ಮಣ್ಣು ಸರಿಸಿ, ಮೆಲ್ಲಗೆ ತಟ್ಟಿದಳು, ತೊಟ್ಟಿಲ ಕೂಸಿನ ಬೆನ್ನು ತಟ್ಟುವ ಹಾಗೆ. ಅಯ್ಯ ಮೇಲೆ ಹತ್ತಿದರು. ಮುಕ್ತಾಬಾಯಿ ಕುಣಿಯ ಅಂಚಿಗೆ ಬಂದು, ಅಲ್ಲಪ್ಪನ ಹೆದರಿಕೆ ಅವಳಿಗೂ ಅಂಟಿತ್ತೋ ಏನೋ, ಕೈ ಚಾಚಿ ಅವಸರ ಮಾಡಿದಳು.

"ಚಲ ಗಂ ಬಾಯೀ, ವರ ಯೇ." ನಡಿಯವ್ವಾ, ಮೇಲೆ ಬಾ.

ಅನ್ನವ್ವ ತಲೆ ಎತ್ತಿದಳು. ಅವಳ ನೆತ್ತಿಗೂ ಗೂಡಿನ ಮಾಡಿಗೂ ನಡುವೆ ಒಂದೂವರೆ ಗೇಣಿನಷ್ಟು ಜಾಗ ಉಳಿದಿತ್ತು, ಎರಡೂ ಮಂಡಿಯ ಆಚೆಗೂ ಉಳಿದಿತ್ತು. ದುಂಡಪ್ಪ ಅಳತೆ ತಪ್ಪಿರಲಿಲ್ಲ. ಇಷ್ಟು ಎತ್ತರವಿದ್ದ ನನ್ನ ಮಗ, ಇಷ್ಟು ಅಗಲ ಕೂಡುತ್ತಿದ್ದ ಎಂದು ಅವಳು ಆ ಖಾಲಿ ಜಾಗವನ್ನು ಕೈಯಿಂದ ಮುಟ್ಟಿ ನೋಡಿದಳು. ಆಗ ಅಳು ಬಂತು, ಬಿಕ್ಕಿ ಬಿಕ್ಕಿ ಬಂತು.

"ಏಳ ಇನ್ನ" ಎಂದ ದುಂಡಪ್ಪ, ಮೇಲಿನಿಂದ, ಮೆಲ್ಲಗೆ.

"ತಡೀರಿ" ಎಂದಳು ಅನ್ನವ್ವ. "ಇನ್ನೊಂದೀಟ ಕುಂತಿರ್ತೇನಿ."

ದುಂಡಪ್ಪ ಗುದ್ದಲಿ ಪಕ್ಕಕ್ಕಿಟ್ಟು ಕುಣಿಯ ಅಂಚಿನಲ್ಲಿ ಕೂತ. ಮುಕ್ತಾಬಾಯಿ ಕೂತಳು, ಜೋತಿಬಾ ಕೆಟ್ಟ ಕಾಲು ಮುಂದೆ ಚಾಚಿ ಕೂತ. ಕೊನೆಗೆ ಅಲ್ಲಪ್ಪನೂ, ಮಣ್ಣು ತುಂಬಿದ ಬುಟ್ಟಿಯನ್ನು ಮಗ್ಗುಲಿಗೆ ಇಟ್ಟುಕೊಂಡು, ಕೂತ.